ಓದುಗರ ಪ್ರಶ್ನೆ: ಈಗಲ್ಸ್‌ಗೆ ಎಷ್ಟು ಮಾರ್ಕು ಕೊಟ್ರಿ?

ಕಳೆದ ಸಂಚಿಕೆಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದ ಬಗ್ಗೆ ನಾನು ಎರಡು ಸಾಲು ಬರೆದಿದ್ದೇ ತಪ್ಪಾಯಿತು ನೋಡಿ. ಅಮೆರಿಕದ ಫುಟ್‌ಬಾಲ್, ಅದರ ಡ್ರಾಫ್ಟ್, ಡ್ರಾಫ್ಟ್ ರಾತ್ರಿ ಅಭಿಮಾನಿಗಳು ಕೊಡುವ ಗ್ರೇಡು, ಇದರ ಬಗ್ಗೆಯೇ ಪತ್ರಗಳ ರಾಶಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆಲ್ಲ ರಜೆ.

ಪ್ರಶ್ನೆ: ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಹಾಗೇ ತಾನೆ?

ಅಲ್ಲ. ಹರಾಜಿನಲ್ಲಿ ದುಡ್ಡಿದ್ದವರು ಕೂಗುತ್ತಾರೆ. ಇಲ್ಲಿ ಕೂಗುವ ಹಾಗಿಲ್ಲ, ಸರದಿ ಬರುವವರೆಗೆ ಕಾಯಬೇಕು. ಎನ್‌ಎಫ್‌ಎಲ್ ಅನ್ನುವ ಅಲ್ಲಿನ ಫುಟ್‌ಬಾಲ್ ಲೀಗಿನಲ್ಲಿ 32 ತಂಡ, ಡ್ರಾಫ್ಟಿನಲ್ಲಿ 7 ಸುತ್ತು. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದವರಿಗೆ ಕೊನೆಯದು. ಕಾಲೇಜು ತಂಡಗಳಲ್ಲಿ ಆಡಿ ಬಂದ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತಾರೆ. ಸಂಬಳದಲ್ಲೂ ಚೌಕಾಸಿ ಕಡಿಮೆ. 2011ರಿಂದ ಎಷ್ಟನೇ ಸರದಿಯಲ್ಲಿ ಆಯ್ಕೆಯಾದ ಎಂಬುದರ ಮೇಲೆ ಅದು ಹೆಚ್ಚುಕಮ್ಮಿ ನಿಗದಿಯಾಗಿರುತ್ತದೆ. ಬೇಕಾದರೆ ತಂಡಗಳು ತಮ್ಮ ಸರದಿಯನ್ನೇ ಇನ್ನೊಂದು ತಂಡಕ್ಕೆ ಕೊಟ್ಟು ಬದಲಿಗೆ ಆಟಗಾರರನ್ನೋ ಮುಂದಿನ ವರ್ಷದ ಸರದಿಯನ್ನೋ ತೆಗೆದುಕೊಳ್ಳಬಹುದು. ಜಗಳ ಶುರುವಾಗುವುದು ಅಲ್ಲೇ.

ಪ್ರಶ್ನೆ: ನಮ್ಮ ಯಜಮಾನರು ಡ್ರಾಫ್ಟಿನ ಮೂರೂ ದಿನ ಟೀವಿ ಮುಂದೆ ಕೂತು ಆಯ್ಕೆಯಾದ ಹುಡುಗರಿಗೆಲ್ಲ ಎ, ಬಿ, ಸಿ ಅಂತ ಗ್ರೇಡ್ ಹಾಕುತ್ತಾರೆ. ಆ ಮಕ್ಕಳು ಇನ್ನೂ ಒಂದು ಮ್ಯಾಚೂ ಆಡಿರುವುದಿಲ್ಲ. ಪರೀಕ್ಷೆಯೇ ಬರೆಯದವರಿಗೆ ಮಾರ್ಕು ಹೇಗೆ ಸ್ವಾಮಿ? (ನ್ಯೂಜೆರ್ಸಿಯ ಓದುಗರೊಬ್ಬರು)

ಅಮ್ಮಾ, ನಿಮ್ಮ ಯಜಮಾನರನ್ನು ಬೈಯುವ ಯೋಗ್ಯತೆ ನನಗಿಲ್ಲ. ನನ್ನ ಹತ್ತಿರವೂ ಒಂದು ನೋಟ್‌ಬುಕ್ ಇದೆ. ನೀಲಿ ರಟ್ಟು, ಮೂಲೆಯಲ್ಲಿ ಕಾಫಿ ಕಲೆ. ವರ್ಷಕ್ಕೊಂದು ಪುಟ.

ಅದರಲ್ಲಿ 2020ರ ಪುಟ ತೆಗೆದು ನಿಮಗೆ ಹೇಳುತ್ತೇನೆ, ಕೇಳಿ. ಕೋವಿಡ್ ಕಾಲ. ಲಾಸ್ ವೇಗಸ್‌ನಲ್ಲಿ ಆಗಬೇಕಿದ್ದ ಡ್ರಾಫ್ಟ್ ರದ್ದಾಗಿ, ಲೀಗಿನ ಕಮಿಷನರ್ ರೋಜರ್ ಗುಡೆಲ್ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕೂತು ಹೆಸರು ಓದಿದರು. ಮೊದಲ ಸುತ್ತಿನ 21ನೇ ಸರದಿ ಈಗಲ್ಸ್‌ದು. ಓಡಿ ಚೆಂಡು ಹಿಡಿಯುವ ರಿಸೀವರ್ ಒಬ್ಬ ನಮಗೆ ಬೇಕೇ ಬೇಕಿತ್ತು. ಜೇಲನ್ ರೇಗರ್ ಎಂಬ ಹುಡುಗನನ್ನು ತೆಗೆದುಕೊಂಡರು. ಬೇಕಾಗಿದ್ದ ಜಾಗಕ್ಕೆ ಆಳು ಬಂದ, ವೇಗವೂ ಇದೆ ಅಂತ ನಾನು 'ಬಿ' ಹಾಕಿದೆ. ಮಾರನೇ ದಿನ ಎರಡನೇ ಸುತ್ತಿನಲ್ಲಿ, ಒಟ್ಟು 53ನೇ ಸರದಿಯಲ್ಲಿ, ಜೇಲನ್ ಹರ್ಟ್ಸ್ ಎಂಬ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ನನಗೆ ಮೈಯೆಲ್ಲ ಉರಿದುಹೋಯಿತು. ಯಾಕಂದರೆ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಕಾರ್ಸನ್ ವೆಂಟ್ಜ್ ಇದ್ದರು, ಒಂದು ವರ್ಷದ ಹಿಂದಷ್ಟೇ ಅವರಿಗೆ 12.8 ಕೋಟಿ ಡಾಲರಿನ ನಾಲ್ಕು ವರ್ಷದ ಒಪ್ಪಂದ ಕೊಟ್ಟಿದ್ದರು. ಇದ್ದವನ ಪಕ್ಕ ಇನ್ನೊಬ್ಬ ಯಾಕೆ? 'ಎಫ್' ಹಾಕಿದೆ. ಕೆಳಗೆ ಎರಡು ಗೆರೆ ಬೇರೆ ಎಳೆದೆ, ಎರಡನೇ ಗೆರೆಗೆ ಕಾಗದವೇ ಹರಿದಿದೆ. ಈಗಲೂ ಕಾಣುತ್ತದೆ.

ಆಮೇಲಿನ ಕಥೆ ನಿಮ್ಮ ಯಜಮಾನರಿಗೆ ಬಾಯಿಪಾಠ ಇರುತ್ತದೆ. ರೇಗರ್ ಹೆಸರು ಓದಿದ ಮರುಸರದಿಯಲ್ಲೇ, 22ನೆಯದಾಗಿ, ಮಿನೆಸೋಟ ವೈಕಿಂಗ್ಸ್‌ನವರು ಜಸ್ಟಿನ್ ಜೆಫರ್ಸನ್ ಎಂಬ ರಿಸೀವರ್‌ನನ್ನು ಆರಿಸಿದರು. ಆತ ಮೊದಲ ವರ್ಷವೇ ಚೆಂಡು ಹಿಡಿದು ತಂಡಕ್ಕೆ 1400 ಗಜ ಮುನ್ನಡೆ ಗಳಿಸಿಕೊಟ್ಟ, ನಮ್ಮ ರೇಗರ್ 396. ಎರಡು ವರ್ಷ ಕಳೆದ ಮೇಲೆ ಈಗಲ್ಸ್‌ನವರು ರೇಗರ್‌ನನ್ನು ಯಾರಿಗೆ ದಾಟಿಸಿದರು ಗೊತ್ತಾ? ಅದೇ ವೈಕಿಂಗ್ಸ್‌ಗೆ! ಇತ್ತ ವೆಂಟ್ಜ್ ಆಟ ಕುಸಿದು, 2020ರ ಡಿಸೆಂಬರ್‌ನಲ್ಲೇ ಹರ್ಟ್ಸ್ ಆ ಜಾಗಕ್ಕೆ ಬಂದ. 2025ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ 40-22ರಲ್ಲಿ ಸೂಪರ್ ಬೌಲ್ ಗೆದ್ದಾಗ ಪಂದ್ಯದ ಶ್ರೇಷ್ಠ ಆಟಗಾರನೂ ಅವನೇ. ನನ್ನ 'ಎಫ್' ಹುಡುಗ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆ ರಾತ್ರಿ ನಾವು ಮಾರ್ಕು ಹಾಕುವುದು ಹುಡುಗನಿಗಲ್ಲ. ಯಾರು ಎಷ್ಟನೇ ಸರದಿಗೆ ಹೋಗುತ್ತಾರೆ ಅಂತ ಮೊದಲೇ ಊಹಿಸಿ ಬರೆಯುವ ಮಾಕ್ ಡ್ರಾಫ್ಟುಗಳನ್ನು ತಿಂಗಳುಗಟ್ಟಲೆ ಓದಿ ಓದಿ ನಮ್ಮ ತಲೆಯಲ್ಲಿ ಒಂದು ಪಟ್ಟಿ ಕೂತಿರುತ್ತದೆ, ಇವನು 15ನೆಯವನು, ಇವನು 40ನೆಯವನು ಅಂತ. 40ನೆಯವನನ್ನು 15ಕ್ಕೇ ತೆಗೆದುಕೊಂಡರೆ 'ರೀಚ್' ಅಂತ ಬೈಯುತ್ತೇವೆ. 15ನೆಯವನು 40ಕ್ಕೆ ಸಿಕ್ಕರೆ 'ಸ್ಟೀಲ್' ಅಂತ ಕುಣಿಯುತ್ತೇವೆ. ತಂಡ ಆರಿಸಿದ ಹೆಸರು ನಮ್ಮ ಪಟ್ಟಿಯಿಂದ ಎಷ್ಟು ದೂರ ಹೋಯಿತೋ ಅಷ್ಟು ಮಾರ್ಕು ಕಟ್. ಜೊತೆಗೆ 'ನಮಗೆ ಯಾರು ಬೇಕಿತ್ತು' ಅನ್ನುವ ಲೆಕ್ಕ ಇದೆಯಲ್ಲ, ಅದು ಬರೀ ಏಪ್ರಿಲ್ ತಿಂಗಳ ಲೆಕ್ಕ. ಏಪ್ರಿಲ್‌ನಲ್ಲಿ ನಮಗೆ ಕ್ವಾರ್ಟರ್‌ಬ್ಯಾಕ್ ಬೇಡವಾಗಿತ್ತು, ಡಿಸೆಂಬರ್‌ನಲ್ಲಿ ಬೇಕಾಯಿತು, ಅಷ್ಟೇ.

ಪ್ರಶ್ನೆ: ನಾವು ಅಭಿಮಾನಿಗಳು ಬಿಡಿ. ಇದನ್ನೇ ಹೊಟ್ಟೆಪಾಡು ಮಾಡಿಕೊಂಡ ಪತ್ರಕರ್ತರು ಸರಿಯಾಗಿ ಹೇಳುತ್ತಾರಲ್ವಾ?

2012ರ ಸಿಯಾಟಲ್ ಸೀಹಾಕ್ಸ್ ಅಂತ ಹುಡುಕಿ ನೋಡಿ. ಮೊದಲ ಸುತ್ತಿನಲ್ಲಿ ಬ್ರೂಸ್ ಇರ್ವಿನ್, ಎರಡರಲ್ಲಿ ಬಾಬಿ ವ್ಯಾಗ್ನರ್, ಮೂರರಲ್ಲಿ ಆರಡಿಯೂ ಇಲ್ಲದ ಕ್ವಾರ್ಟರ್‌ಬ್ಯಾಕ್ ರಸಲ್ ವಿಲ್ಸನ್. ಇರ್ವಿನ್‌ನನ್ನು 15ನೇ ಸರದಿಗೇ ತೆಗೆದುಕೊಂಡಿದ್ದು ಜಾಸ್ತಿಯಾಯಿತು, ವಿಲ್ಸನ್ ಗಿಡ್ಡ ಅಂತ ಹಲವರು ಆ ತಂಡಕ್ಕೆ ತೀರಾ ಕೆಳಗಿನ ಗ್ರೇಡ್ ಕೊಟ್ಟರು. ಎರಡು ಸೀಸನ್ ಕಳೆಯುವಷ್ಟರಲ್ಲಿ, 2014ರ ಫೆಬ್ರವರಿಯಲ್ಲಿ, ಅದೇ ತಂಡ ಡೆನ್ವರ್ ಬ್ರಾಂಕೋಸ್‌ನವರನ್ನು 43-8ರಿಂದ ಚಚ್ಚಿ ಸೂಪರ್ ಬೌಲ್ ಗೆದ್ದಿತು. ಪತ್ರಕರ್ತರಿಗೂ ಒಂದು ಪಟ್ಟಿ ಇರುತ್ತದೆ, ನಮ್ಮದಕ್ಕಿಂತ ಉದ್ದದ್ದು.

ಪ್ರಶ್ನೆ: ಈಗಲ್ಸ್ ಅಭಿಮಾನಿಗಳು ತಮ್ಮದೇ ಆಟಗಾರನಿಗೆ ವೇದಿಕೆಯಲ್ಲೇ ಬೂ ಅಂದಿದ್ದು ನಿಜವೇ?

ನಿಜ. 1999, ನ್ಯೂಯಾರ್ಕ್. ಒಂದು ರೇಡಿಯೋ ಸ್ಟೇಷನ್ ಕಟ್ಟಿಕೊಂಡು ಬಂದಿದ್ದ ಗುಂಪಿಗೆ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ರಿಕಿ ವಿಲಿಯಮ್ಸ್ ಬೇಕಿತ್ತು. ಎರಡನೇ ಸರದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಡೊನೊವನ್ ಮೆಕ್‌ನ್ಯಾಬ್ ಹೆಸರು ಬಂತು. ಆ ಹುಡುಗ ಜೀವಮಾನದ ಖುಷಿಯಲ್ಲಿ ಮೇಲೆ ಬಂದರೆ ಕೆಳಗಿನಿಂದ ಬೂ! ಮುಂದೆ ಅವನೇ ತಂಡವನ್ನು ಐದು ಸಲ ಎನ್‌ಎಫ್‌ಸಿ (ಲೀಗಿನ ಅರ್ಧ ತಂಡಗಳ ಗುಂಪು) ಫೈನಲ್‌ವರೆಗೂ, ಒಂದು ಸಲ ಸೂಪರ್ ಬೌಲ್‌ವರೆಗೂ ಕರೆದುಕೊಂಡು ಹೋದ. ಇನ್ನು ಆ ವಿಲಿಯಮ್ಸ್‌ಗೋಸ್ಕರ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನವರು ಆ ವರ್ಷದ ತಮ್ಮ ಅಷ್ಟೂ ಸರದಿಗಳನ್ನು, ಮೇಲೆ ಮುಂದಿನ ವರ್ಷದ ಎರಡನ್ನು ಕೊಟ್ಟು ಕೈ ಖಾಲಿ ಮಾಡಿಕೊಂಡರು. ಅದಕ್ಕೆ ಮಾತ್ರ ಅವತ್ತೇ 'ಎಫ್' ಹಾಕಬಹುದಿತ್ತು. ಆಟಗಾರ ಹೇಗೆ ಬೆಳೆಯುತ್ತಾನೋ ಹೇಳಲಾಗದು, ಆದರೆ ಎಷ್ಟು ತೆತ್ತರು ಎಂಬುದು ಅದೇ ರಾತ್ರಿ ಕಣ್ಣೆದುರಿಗೇ ಇರುತ್ತದೆ. ಆ ಒಂದು ವಿಷಯದಲ್ಲಿ ಡ್ರಾಫ್ಟ್ ರಾತ್ರಿಯ ಗ್ರೇಡನ್ನು ನಾನು ಈಗಲೂ ನಂಬುತ್ತೇನೆ.

ಪ್ರಶ್ನೆ: ಕೊನೆಯ ಸುತ್ತುಗಳನ್ನು ನೋಡಬೇಕಾ, ಟೀವಿ ಆಫ್ ಮಾಡಬಹುದಾ?

ನಾನು ಆಫ್ ಮಾಡಿದ್ದೆ, 2011ರಲ್ಲಿ. ಮೊದಲ ಸುತ್ತಿನಲ್ಲಿ ಈಗಲ್ಸ್ ಆರಿಸಿದ್ದು ಡ್ಯಾನಿ ವಾಟ್ಕಿನ್ಸ್‌ರನ್ನು. ಹಿಂದೆ ಬೆಂಕಿ ಆರಿಸುವ ಕೆಲಸದಲ್ಲಿದ್ದವರು, ಆಗಲೇ 26 ವಯಸ್ಸು. ನೋಟ್‌ಬುಕ್ಕಿನಲ್ಲಿ ಅವರ ಬಗ್ಗೆ ಅರ್ಧ ಪುಟ ಬರೆದಿದ್ದೇನೆ. ಕೆಲವೇ ವರ್ಷದಲ್ಲಿ ಅವರು ಆಟ ಬಿಟ್ಟು ಮತ್ತೆ ಬೆಂಕಿ ಆರಿಸುವ ಕೆಲಸಕ್ಕೇ ಹೋದರು. ಆರನೇ ಸುತ್ತಿನಲ್ಲಿ, 191ನೇ ಸರದಿಯಲ್ಲಿ ಬಂದವರ ಹೆಸರೇ ನನ್ನ ಪುಟದಲ್ಲಿಲ್ಲ. ಅವರು ಜೇಸನ್ ಕೆಲ್ಸಿ. 13 ಸೀಸನ್ ಇದೇ ತಂಡಕ್ಕೆ ಆಡಿ, 2018ರ ಫೆಬ್ರವರಿಯಲ್ಲಿ ಈಗಲ್ಸ್ ಮೊದಲ ಸಲ ಸೂಪರ್ ಬೌಲ್ ಗೆದ್ದಾಗ ತಂಡದ ನಡುಗಂಬವಾಗಿದ್ದವರು. ಆ ಗೆಲುವಿನ ಎರಡೇ ತಿಂಗಳಿಗೆ ಏಳನೇ ಸುತ್ತಿನಲ್ಲಿ ಜಾರ್ಡನ್ ಮೈಲಾಟ ಬಂದರು. ಆಸ್ಟ್ರೇಲಿಯಾದ ರಗ್ಬಿ ಆಟಗಾರ, ಅಮೆರಿಕನ್ ಫುಟ್‌ಬಾಲಿನ ಒಂದು ಮ್ಯಾಚೂ ಆಡಿದವರಲ್ಲ. ಈಗ ಹರ್ಟ್ಸ್ ಬೆನ್ನು ಕಾಯುವ ಗೋಡೆ ಅವರೇ. ಟೀವಿ ಆಫ್ ಮಾಡಬೇಡಿ.

ಪ್ರಶ್ನೆ: ನಿಮ್ಮ ಗ್ರೇಡು ಯಾವತ್ತಾದರೂ ಸರಿ ಬಂದಿದೆಯೇ?

ಇಷ್ಟು ಹೊತ್ತು ಬರೀ ಮಂಗಳಾರತಿ ಮಾಡಿಸಿಕೊಂಡೆ, ಒಳ್ಳೆಯದನ್ನೂ ಹೇಳಲು ಬಿಟ್ಟಿರಲ್ಲ, ಸಂತೋಷ. 2024ರಲ್ಲಿ ಈಗಲ್ಸ್ ಆರಿಸಿದ ಕ್ವಿನಿಯಾನ್ ಮಿಚೆಲ್‌ಗೆ 'ಎ', ಕೂಪರ್ ಡಿಜೀನ್‌ಗೂ 'ಎ'. ಡಿಜೀನ್ ಅದೇ ಸೀಸನ್ನಿನ ಸೂಪರ್ ಬೌಲ್‌ನಲ್ಲಿ, ತನ್ನ 22ನೇ ಹುಟ್ಟುಹಬ್ಬದ ದಿನವೇ, ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡನ್ನು ಮಧ್ಯದಲ್ಲೇ ಕಸಿದು ಎದುರಾಳಿಗಳ ಗೆರೆ ದಾಟಿ ಓಡಿಹೋಗಿ ಟಚ್‌ಡೌನ್ ಮಾಡಿದ. ಆ ಪುಟವನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ. 2020ರ ಪುಟವನ್ನು ನೀವು ಕೇಳಿದ್ದಕ್ಕೆ ತೋರಿಸಿದೆ.

ಪ್ರಶ್ನೆ: ಹಾಗಾದರೆ ಎಷ್ಟು ವರ್ಷ ಬಿಟ್ಟು ಗ್ರೇಡ್ ಕೊಡಬೇಕು?

ಮೂರು. ಇದು ನನ್ನ ಲೆಕ್ಕವಲ್ಲ, ತಂಡಗಳದ್ದೇ. ಆಯ್ಕೆಯಾದವರ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವರಿಗೆ ಐದನೇ ವರ್ಷ ಕೊಡಬೇಕೋ ಬೇಡವೋ ಅಂತ ಮೂರನೇ ಸೀಸನ್ ಮುಗಿದ ಮೇಲೆ ತಂಡ ಹೇಳಬೇಕು. ಆರಿಸಿದವರೇ ಮಾರ್ಕು ಹಾಕುವ ಹೊತ್ತು ಅದು, ಅದೂ ಕೋಟಿಗಟ್ಟಲೆ ಡಾಲರ್ ಪಣ ಇಟ್ಟು. ನಾವು ಪೆನ್ನಿನಲ್ಲಿ ಹಾಕಿದ್ದಕ್ಕೂ ಅದಕ್ಕೂ ಹೋಲಿಕೆ ಎಲ್ಲಿ? ಹಾಗಂತ ಮೂರು ವರ್ಷ ಸುಮ್ನೆ ಕೂರಲು ನನ್ನಿಂದ ಆಗುತ್ತಾ ಅಂದರೆ, ಆಗಲ್ಲ. ಈಗ ಒಂದೇ ಬದಲಾವಣೆ ಮಾಡಿಕೊಂಡಿದ್ದೇನೆ. ಪುಟದ ಬಲಗಡೆ ಅರ್ಧ ಖಾಲಿ ಬಿಡುತ್ತೇನೆ, ಮೂರು ವರ್ಷದ ಗ್ರೇಡಿಗೆ.

ಪ್ರಶ್ನೆ: ಆರಿಸಿದ ಹುಡುಗ ಬರುವುದೇ ಇಲ್ಲ ಅಂದರೆ?

ಆಗಿದೆ, ಮೊಟ್ಟಮೊದಲ ಡ್ರಾಫ್ಟಿನಲ್ಲೇ! 1936, ಫಿಲಡೆಲ್ಫಿಯಾದ ಒಂದು ಹೋಟೆಲ್. ಈ ಪದ್ಧತಿ ಬೇಕು ಅಂತ ಪಟ್ಟು ಹಿಡಿದವರು ಈಗಲ್ಸ್ ಮಾಲೀಕ ಬರ್ಟ್ ಬೆಲ್, ಮೊದಲ ಸರದಿಯೂ ಅವರದೇ. ಷಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವೇಂಗರ್‌ನನ್ನು ಆರಿಸಿದರು. ಅವನ ಸಂಬಳ ನಮ್ಮ ಕೈಗೆ ನಿಲುಕುವುದಿಲ್ಲ ಅಂತ ಹಕ್ಕನ್ನು ಷಿಕಾಗೋ ಬೇರ್ಸ್‌ಗೆ ದಾಟಿಸಿದರು. ಅಲ್ಲೂ ದುಡ್ಡಿನ ಮಾತು ಕುದುರಲಿಲ್ಲ. ಆತ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮೊನ್ನೆ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಒಳಗಡೆ ಅವನ ಹೆಸರು ಬರೆದು ಪಕ್ಕದಲ್ಲಿ 'ಗೈರುಹಾಜರಿ' ಅಂತ ಹಾಕಿದೆ.