ಧಾರವಾಡ, ಗದಗ ಭಾಗದಲ್ಲಿ ಹಿಂದೂಸ್ತಾನಿ ಸಂಗೀತ ಇಷ್ಟು ಬೇರೂರಿದ್ದು ಹೇಗೆ?

ಈ ಭಾಗದ ಆಡಳಿತ ಮುಂಬೈಗೆ ಸೇರಿತ್ತು, ಕಲಿಯುವವರಿಗೆ ಮಠಗಳು ಅನ್ನ ಹಾಕಿದವು. ಇವೆರಡೂ ಕೂಡಿದ್ದೇ ಕಾರಣ.

1956ರ ಏಕೀಕರಣದವರೆಗೆ ಧಾರವಾಡ ಜಿಲ್ಲೆ (ಆಗ ಗದಗ, ಹಾವೇರಿಯೂ ಅದರಲ್ಲೇ ಇದ್ದವು) ಮುಂಬೈ ಪ್ರಾಂತದಲ್ಲಿತ್ತು. ಹಾಗಾಗಿ ಮಿರಜ್, ಪುಣೆಯ ಹಿಂದೂಸ್ತಾನಿ ಗಾಯಕರ ಒಡನಾಟ ಸಹಜವಾಗಿತ್ತು. ಕಿರಾನಾ ಘರಾಣೆಯ (ಹಿಂದೂಸ್ತಾನಿ ಗಾಯನದ ಒಂದು ಪರಂಪರೆ) ಅಬ್ದುಲ್ ಕರೀಂ ಖಾನರು ಮಿರಜ್‌ನಲ್ಲಿ ನೆಲೆಸಿ, ಮೈಸೂರು ಆಸ್ಥಾನಕ್ಕೆ ಹೋಗಿಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು.

ಆದರೆ ರಾಗ ಒಲಿಯಬೇಕಾದರೆ ವರ್ಷಗಟ್ಟಲೆ ಗುರುವಿನ ಎದುರು ಕೂತು ಕಲಿಯಬೇಕು. ಅಲ್ಲಿಯವರೆಗೆ ಬಡ ಹುಡುಗನ ಊಟ, ವಸತಿ ಯಾರು ನೋಡಿಕೊಳ್ಳಬೇಕು? ಇಲ್ಲಿ ಆ ಭಾರ ಹೊತ್ತದ್ದು ಮಠಗಳ ದಾಸೋಹ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಕಾರಣ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಆಸರೆಯಾಗಿ ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ, ಅನಾಥ ಮಕ್ಕಳಿಗೆ ಜಾತಿ ಕೇಳದೆ ಊಟ ಹಾಕಿ ಗಾಯನ, ತಬಲಾ, ಹಾರ್ಮೋನಿಯಂ ಕಲಿಸಿದರು. ಖರ್ಚಿಗೆ ನಾಟಕ ಕಂಪನಿ ಕಟ್ಟಿದರು, ಭಕ್ತರು ದವಸ ಕೊಟ್ಟರು. ಅಲ್ಲಿ ಕಲಿತವರು ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಪುರಾಣ ಪ್ರವಚನಕ್ಕೆ ಸಾಥ್ ಕೊಡುವವರಾಗಿ ಹಳ್ಳಿಹಳ್ಳಿಗೆ ಹೋದರು. ಹೀಗೆ ಸಂಗೀತ ಕಛೇರಿಗೆ ಎಂದೂ ಹೋಗದವರೂ ವಚನಗಳನ್ನು ಭೈರವಿ, ಭೀಂಪಲಾಸ ರಾಗಗಳಲ್ಲಿ ಕೇಳುತ್ತ ಬೆಳೆದರು.