ಬೇರೆ ಕಾರಿನ ವೀಲ್ ನಮ್ಮ ಕಾರಿಗೆ ಕೂರುತ್ತಾ?

ಪ್ರಶ್ನೆ: ನಮ್ಮ ಭಾವ ಅವರ ಹೋಂಡಾ ಸಿಟಿಗೆ ಹೊಸ ವೀಲ್ ಹಾಕಿಸ್ಕೊಂಡ್ರು, ಹಳೇ 15 ಇಂಚಿನ ಕಂಪನಿ ಅಲಾಯ್ ನಾಲ್ಕೂ ಸುಮ್ನೆ ಬಿದ್ದಿವೆ, ನೀನೇ ತಗೊಂಡು ಹೋಗು ಅಂತಿದ್ದಾರೆ. ನನ್ನದು ಸುಜುಕಿ ಬಲೆನೊ, ಸ್ಟೀಲ್ ವೀಲ್ ಇರೋದು. ಎರಡಕ್ಕೂ ನಾಲ್ಕು ನಟ್ಟು, ಒಂದನ್ನ ಇಟ್ಟು ನೋಡಿದೆ, ತೂತು ಎಲ್ಲಾ ಸರಿಯಾಗಿ ಕೂತ್ವು. ನನ್ನ ಹಳೇ ನಟ್ಟನ್ನೇ ಹಾಕಿ ಟೈಟ್ ಮಾಡ್ಕೊಂಡು ಓಡಿಸ್ಬೋದಾ?

ಉತ್ತರ: ವೀಲ್ ಹಾಕ್ಬೋದು, ಆದ್ರೆ ಆ ನಟ್ಟು ಹಾಕಿ ಮಾತ್ರ ಓಡಿಸ್ಬೇಡಿ. ತೂತು ಕೂತ್ವು ಅಂದ್ರೆ ಪಿಸಿಡಿ ಮ್ಯಾಚ್ ಆಯ್ತು ಅಂತ ಅಷ್ಟೇ. ಪಿಸಿಡಿ ಅಂದ್ರೆ ನಟ್ಟಿನ ತೂತುಗಳ ನಡುಮಧ್ಯೆ ಹಾದು ಹೋಗೋ ವೃತ್ತದ ಅಡ್ಡಳತೆ, ನಿಮ್ಮ ಎರಡೂ ಕಾರಿಗೆ ಅದು 4×100, ಅಂದ್ರೆ ನಾಲ್ಕು ತೂತು, 100 ಮಿಮೀ ವೃತ್ತ. ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ, ಇಂಚು ಒಂದೇ, ತೂತು ಒಂದೇ, ಮತ್ತೇನು ಅಂತ. ಅಸಲಿ ವಿಷ್ಯ ಇರೋದು ಇದಾದ ಮೇಲೆ.

ಮೊದಲು ಸೆಂಟರ್ ಬೋರ್ ನೋಡಿ, ವೀಲಿನ ನಟ್ಟನಡುವೆ ಇರೋ ದೊಡ್ಡ ತೂತು. ಸಿಟಿ ವೀಲಿನದು 56.1 ಮಿಮೀ, ನಿಮ್ಮ ಬಲೆನೊ ಹಬ್ಬಿನ (ಹಬ್ ಅಂದ್ರೆ ಕಾರಲ್ಲಿ ವೀಲ್ ಕೂರೋ ಭಾಗ) ಮೂತಿ 54.1 ಮಿಮೀ. ವೀಲಿನ ತೂತು ದೊಡ್ಡದಿರೋದ್ರಿಂದ ಒಳಗೆ ಹೋಗುತ್ತೆ, ಆದ್ರೆ ಸುತ್ತಲೂ ಒಂದೊಂದು ಮಿಮೀ ಸಡಿಲ ಉಳಿಯುತ್ತೆ. ಕಾರಿನ ಭಾರ ತಡೆಯೋದು ಮುಖ್ಯವಾಗಿ ನಟ್ಟುಗಳು ವೀಲನ್ನ ಹಬ್ಬಿಗೆ ಒತ್ತಿ ಹಿಡಿದಿರೋ ಬಿಗಿತ, ಸೆಂಟರ್ ಬೋರಿನ ಕೆಲಸ ವೀಲನ್ನ ಸರಿಯಾಗಿ ನಡುವಿಗೆ ಕೂರಿಸೋದು. ಅದು ಕೂದಲೆಳೆ ಆಚೀಚೆ ಆದ್ರೂ ಸ್ಪೀಡ್ ಏರಿದಾಗ ಸ್ಟೀರಿಂಗ್ ನಡುಗೋಕೆ ಶುರುವಾಗುತ್ತೆ, ನೀವು ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸ್ತಾ ಇರ್ತೀರ, ನಡುಕ ಹೋಗಲ್ಲ. ಇದಕ್ಕೆ ಆ ಸಡಿಲ ತುಂಬೋ ಹಬ್ ರಿಂಗ್ ಅಂತ ಸಿಗುತ್ತೆ, ಹೊರಗೆ 56.1 ಒಳಗೆ 54.1 ಅಂತ ಕೇಳಿ ತಗೊಳ್ಳಿ. ಇದೇ ಉಲ್ಟಾ, ಅಂದ್ರೆ ಬಲೆನೊ ವೀಲನ್ನ ಸಿಟಿಗೆ ಹಾಕೋಕೆ ಹೋದ್ರೆ ಹಬ್ಬಿನ ಮೇಲೆ ಕೂರೋದೇ ಇಲ್ಲ, ನಟ್ಟು ಹಾಕಿ ಎಳೆದು ಕೂರಿಸ್ತೀನಿ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಬಿಡಬೇಡಿ.

ಈಗ ನಟ್ಟಿನ ವಿಷ್ಯ, ನಿಮಗೆ ಬರೆಯೋಕೆ ಕೂತಿದ್ದೇ ಇದಕ್ಕೆ. ನಿಮ್ಮ ಕಾರಿನ ಸ್ಟಡ್ (ಹಬ್ಬಿಂದ ಚಾಚಿರೋ, ನಟ್ಟು ಹಾಕೋ ಬೋಲ್ಟು) ಎಂ12, ಅಂದ್ರೆ 12 ಮಿಮೀ ದಪ್ಪ, ಮರೆ (ಥ್ರೆಡ್) 1.25, ಅಂದ್ರೆ ಒಂದು ಸುತ್ತಿಂದ ಇನ್ನೊಂದು ಸುತ್ತಿಗೆ 1.25 ಮಿಮೀ. ಹೋಂಡಾದ್ದೂ ಎಂ12, ಆದ್ರೆ ಮರೆ 1.5. ಭಾವನ ಕಾರಿನ ನಟ್ಟು ತಂದು ಹಾಕಿದ್ರೆ ಒಂದೆರಡು ಸುತ್ತು ಹೋಗಿ ಗಟ್ಟಿಯಾಗುತ್ತೆ, ಆಗ ನಟ್ಟು ಬಿಗಿಯೋ ಗನ್ ಹಿಡಿದು ಬಿಗಿದ್ರೆ ಸ್ಟಡ್ಡಿನ ಮರೆಯೇ ಕಿತ್ತು ಹೋಗುತ್ತೆ. ಹಾಗಾದ್ರೆ ನನ್ನ ನಟ್ಟೇ ಸರಿ ಅಲ್ವಾ ಅಂತೀರ, ಅದೂ ಸರಿ ಇಲ್ಲ, ಯಾಕಂದ್ರೆ ಹೋಂಡಾ ಕಂಪನಿ ವೀಲಲ್ಲಿ ನಟ್ಟು ಕೂರೋ ಜಾಗ ಗುಂಡಗಿರುತ್ತೆ, ಬಾಲ್ ಸೀಟ್, ನಿಮ್ಮ ನಟ್ಟಿನ ಮೂತಿ 60 ಡಿಗ್ರಿ ಶಂಕುವಿನ ಥರ ಓರೆ. ಗುಂಡಗಿನ ಗುಳಿಯಲ್ಲಿ ಓರೆ ನಟ್ಟು ಪೂರ್ತಿ ಅಂಟಿಕೊಳ್ಳಲ್ಲ, ಸಣ್ಣ ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತೆ. ಬಿಗಿ ಮಾಡೋವಾಗ ಕೈಗೆ ಗಟ್ಟಿಯಾಗೇ ಅನಿಸುತ್ತೆ, ಓಡ್ತಾ ಓಡ್ತಾ ಆ ಗೆರೆ ಸವೆದು ನಟ್ಟು ಲೂಸ್ ಆಗುತ್ತೆ. ವೀಲ್ ಬಿಚ್ಚಿಕೊಳ್ಳೋ ದಾರಿ ಇದು, ಹಾಗಾಗಿ ಇಲ್ಲಿ ಯಾವ ಅಡ್ಜಸ್ಟ್‌ಮೆಂಟೂ ಬೇಡ. ನಿಮಗೆ ಬೇಕಾಗಿರೋದು ಎಂ12×1.25 ಮರೆ ಇರೋ, ಗುಂಡು ಮೂತಿಯ ನಟ್ಟು, ಹದಿನಾರೂ ಹೊಸದು. ಹಳೇ ಸ್ಟೀಲ್ ಸ್ಟೆಪ್ನಿ ಇಟ್ಕೊಳ್ಳೋದಾದ್ರೆ ಹಳೇ ನಟ್ಟು ನಾಲ್ಕು ಡಿಕ್ಕಿಯಲ್ಲಿ ಅದರ ಜೊತೆಗೇ ಇರ್ಲಿ, ಪಂಕ್ಚರ್ ಆದ ದಿನ ಸ್ಟೆಪ್ನಿಗೆ ಗುಂಡು ನಟ್ಟು ಹಾಕೋಕೆ ಬರಲ್ಲ.

ನಟ್ಟನ್ನ ಮೊದಲು ಕೈಯಲ್ಲೇ ತಿರುಗಿಸಿ, ಎದುರುಬದುರು ಇರೋವನ್ನ ಒಂದಾದ ಮೇಲೊಂದು ಬಿಗಿ ಮಾಡಿ, ಕೊನೆಗೆ ಮ್ಯಾನುಯಲ್‌ನಲ್ಲಿ ಹೇಳಿರೋ ಅಷ್ಟೇ ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿಯಾಯ್ತು ಅಂತ ಅಳೆಯೋ ಸ್ಪ್ಯಾನರ್) ಬಿಗಿಯಿರಿ. 50ರಿಂದ 100 ಕಿಮೀ ಓಡಿಸಿದ ಮೇಲೆ ಇನ್ನೊಮ್ಮೆ ಚೆಕ್ ಮಾಡಿ.

ಪ್ರಶ್ನೆ: ಐದು ನಟ್ಟಿನ 5×112 ವೀಲ್ ಒಳ್ಳೇ ಕಂಡೀಷನ್‌ನಲ್ಲಿ ಸಿಗ್ತಿದೆ. ನನ್ನ ಕಾರು 5×114.3. ಬರೀ 2.3 ಮಿಮೀ ವ್ಯತ್ಯಾಸ, ಬಿಗಿ ಮಾಡಿದ್ರೆ ಅದೇ ಕೂತ್ಕೊಳ್ಳುತ್ತೆ ಅಂತ ಫಿಟ್ ಮಾಡೋರು ಹೇಳ್ತಿದ್ದಾರೆ.

ಉತ್ತರ: ಬೇಡ. ಕೂತ್ಕೊಳ್ಳಲ್ಲ, ಕೂತ ಹಾಗೆ ಕಾಣುತ್ತೆ. ಪ್ರತಿ ಸ್ಟಡ್ಡೂ ತನ್ನ ತೂತಿನ ನಡುವಿಂದ ಒಂದು ಮಿಮೀಗಿಂತ ಸ್ವಲ್ಪ ಜಾಸ್ತಿನೇ ಆಚೆ ಇರುತ್ತೆ, ನಟ್ಟು ಓರೆಯಾಗಿ ಒಂದು ಕಡೆ ಮಾತ್ರ ಒತ್ತುತ್ತೆ, ಸ್ಟಡ್ ಬಾಗುತ್ತೆ. ಹೀಗೆ ಬಾಗಿದ ಸ್ಟಡ್ ಮೇಲೆ ವೀಲಿನ ಪ್ರತಿ ಸುತ್ತಿಗೂ ಎಳೆತ ಬಿದ್ದು ಬಿದ್ದು ಒಂದಿನ ಮುರಿಯುತ್ತೆ.

ಕೊಳ್ಳೋ ಮುಂಚೆ ಅಳೆಯೋಕೆ ಒಂದು ದಾರಿ ಹೇಳ್ತೀನಿ. ನಾಲ್ಕು ತೂತಿನ ವೀಲಾದ್ರೆ ಸುಲಭ, ಎದುರುಬದುರು ತೂತಿನ ನಡುವಿಂದ ನಡುವಿಗೆ ಎಷ್ಟಿದೆಯೋ ಅದೇ ಪಿಸಿಡಿ. ಐದು ತೂತಿಗೆ ಎದುರು ತೂತೇ ಇರಲ್ಲ, ಆದ್ರಿಂದ ಪಕ್ಕಪಕ್ಕದ ಎರಡು ತೂತಿನ ನಡುವಿನ ದೂರ ಅಳೆದು 1.701ರಿಂದ ಗುಣಿಸಿ. 114.3ಕ್ಕೆ ಆ ದೂರ 67.2 ಮಿಮೀ ಬರುತ್ತೆ, 112ಕ್ಕೆ 65.8. ಟೇಪಲ್ಲಿ ಅಳೆದ್ರೆ ಈ ವ್ಯತ್ಯಾಸ ಗೊತ್ತಾಗೋದು ಕಷ್ಟ, ವರ್ನಿಯರ್ ಕ್ಯಾಲಿಪರ್ ಬೇಕು.

ಪ್ರಶ್ನೆ: ಈಗಿರೋದು 5.5ಜೆ, ಇಟಿ 45. ಹಾಕ್ಬೇಕು ಅಂದ್ಕೊಂಡಿರೋದು 6.5ಜೆ, ಇಟಿ 40. ಪಿಸಿಡಿ, ಬೋರ್ ಎರಡೂ ಸರಿಯಿದೆ. ಮಡ್‌ಗಾರ್ಡಿಗೆ ತಾಗುತ್ತಾ?

ಉತ್ತರ: ಲೆಕ್ಕ ಹಾಕಿ ನೋಡೋಣ. ಜೆ ಮುಂದಿರೋ ನಂಬರ್ ರಿಮ್ಮಿನ ಅಗಲ, ಇಂಚಲ್ಲಿ. ಇಟಿ ಅಂದ್ರೆ ಆಫ್‌ಸೆಟ್, ರಿಮ್ಮಿನ ಅಗಲದ ಮಧ್ಯದ ಗೆರೆಯಿಂದ ಹಬ್ಬಿಗೆ ಒರಗೋ ಮುಖ ಎಷ್ಟು ಮಿಮೀ ಹೊರಗಿದೆ ಅಂತ, ಅದಕ್ಕೇ ಇಟಿ ಕಮ್ಮಿ ಆದಷ್ಟೂ ವೀಲ್ ಹೊರಗೆ ಬರುತ್ತೆ. ನಿಮ್ಮ ರಿಮ್ ಒಂದು ಇಂಚು ಅಗಲ ಆಗ್ತಿದೆ, ಅಂದ್ರೆ 25.4 ಮಿಮೀ, ಆಚೆಗೆ 12.7 ಈಚೆಗೆ 12.7. ಇಟಿ 5 ಇಳಿದಿದ್ರಿಂದ ಹೊರಗಡೆ ಒಟ್ಟು 17.7 ಮಿಮೀ ಚಾಚುತ್ತೆ, ಒಳಗಡೆ ಸಸ್ಪೆನ್ಷನ್ ಕಡೆಗೆ 7.7 ಮಿಮೀ ಹತ್ತಿರ ಹೋಗುತ್ತೆ. ಇದು ರಿಮ್ಮಿನ ಲೆಕ್ಕ ಮಾತ್ರ, ಟೈರ್ ಅಗಲ ಬೇರೆ. ಈಗ ಟೈರಿಗೂ ಸ್ಟ್ರಟ್ಟಿಗೂ (ಒಳಗಡೆ ಇರೋ ಸಸ್ಪೆನ್ಷನ್ ಕಂಬ) ನಡುವೆ ಎಷ್ಟು ಜಾಗ ಇದೆ ನೋಡಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಿದಾಗ್ಲೂ ನೋಡಿ, ಖಾಲಿ ಕಾರಲ್ಲಿ ತಾಗದೇ ಇರೋದು ಲೋಡ್ ಆದ ಮೇಲೆ ತಾಗುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ ಹೊರಗೆ 17 ಮಿಮೀ ಜಾಸ್ತಿ ಆಯ್ತು, ವೀಲ್ ಬೇರಿಂಗ್ ಮೇಲೆ ಸುಮ್ನೆ ಎಳೆತ ಬೀಳುತ್ತೆ, 6ಜೆ ಇಟಿ 45 ಹುಡುಕಿ.

ಪ್ರಶ್ನೆ: 15 ಇಂಚಿಂದ 16ಕ್ಕೆ ಹೋದ್ರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತಾ?

ಉತ್ತರ: ಟೈರ್ ಸರಿಯಾಗಿ ಆರಿಸಿದ್ರೆ ಇಲ್ಲ. 185/65 ಆರ್15 (ಅಗಲ 185 ಮಿಮೀ, ಪಕ್ಕದ ಗೋಡೆಯ ಎತ್ತರ ಅದರ ಶೇ 65, ರಿಮ್ 15 ಇಂಚು) ಟೈರಿನ ಪೂರ್ತಿ ಎತ್ತರ 621.5 ಮಿಮೀ, 195/55 ಆರ್16ರದ್ದು 620.9, ಹೆಚ್ಚು ಕಮ್ಮಿ ಒಂದೇ. ಎತ್ತರ ಜಾಸ್ತಿ ಇರೋ ಟೈರ್ ಹಾಕಿದ್ರೆ ಮೀಟರ್ ತೋರಿಸೋದಕ್ಕಿಂತ ಜೋರಾಗಿ ಓಡ್ತಿರ್ತೀರ. ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ತಡೆಯುತ್ತೆ ಅಂತ ಹೇಳೋ ನಂಬರ್) ಈಗಿರೋದಕ್ಕಿಂತ ಕಮ್ಮಿ ಆಗ್ಬಾರ್ದು, ರಿಮ್ಮಿನ ಹಿಂಭಾಗದಲ್ಲಿ ಎಷ್ಟು ಕೆಜಿ ತಡೆಯುತ್ತೆ ಅಂತ ಅಚ್ಚು ಇದ್ರೆ ಅದನ್ನೂ ಓದಿ, ಸಣ್ಣ ಕಾರಿನ ವೀಲನ್ನ ಎಸ್‌ಯುವಿಗೆ ಹಾಕೋರಿಗಂತೂ ಇದು ಬೇಕೇ ಬೇಕು.