800 ಕಂತು ದಾಟಿದ ‘ಡಾಕ್ಟರ್ ಹೂ’: ಈಗ ಶುರು ಮಾಡಬಹುದೇ?

ಪ್ರಶ್ನೆ: ‘ಡಾಕ್ಟರ್ ಹೂ’ ನೋಡಲೇಬೇಕು ಎಂದು ಗೆಳೆಯರು ಹೇಳುತ್ತಲೇ ಇದ್ದಾರೆ. 1963ರಿಂದ ಬರುತ್ತಿದೆ, 800ಕ್ಕೂ ಹೆಚ್ಚು ಕಂತುಗಳಿವೆ ಎಂದು ತಿಳಿದಾಗ ಉತ್ಸಾಹವೇ ಇಳಿದುಹೋಯಿತು. ಈಗ ಶುರು ಮಾಡಿ ಪ್ರಯೋಜನವಿದೆಯೇ? ಮೊದಲ ಕಂತಿನಿಂದಲೇ ನೋಡಬೇಕೇ?

ಉತ್ತರ: ಶುರು ಮಾಡಿ. ಆದರೆ 1963ರಿಂದ ಬೇಡ, 2005ರಿಂದ.

ಬಿಬಿಸಿಯ ಈ ಕಾಲಪ್ರಯಾಣದ ಟೀವಿ ಸರಣಿ 26 ಸೀಸನ್ ಓಡಿ 1989ರಲ್ಲಿ ನಿಂತುಹೋಯಿತು. ನಡುವೆ 1996ರಲ್ಲಿ ಒಂದು ಟೀವಿ ಸಿನಿಮಾ ಬಂತು, ಅಷ್ಟೆ. 2005ರ ಮಾರ್ಚ್ 26ರಂದು ಬರಹಗಾರ ರಸೆಲ್ ಟಿ. ಡೇವಿಸ್ ಅದನ್ನು ಮತ್ತೆ ಎಬ್ಬಿಸಿದಾಗ ಹಳೆಯ ಪ್ರೇಕ್ಷಕರನ್ನು ನೆಚ್ಚಿ ಕೂರಲಿಲ್ಲ. ‘ರೋಸ್’ ಎಂಬ ಮೊದಲ ಕಂತು ಲಂಡನ್ನಿನ ಅಂಗಡಿಯೊಂದರಲ್ಲಿ ಕೆಲಸ ಮಾಡುವ 19ರ ಹುಡುಗಿಯ ಕಣ್ಣಿನಿಂದಲೇ ನಡೆಯುತ್ತದೆ. ಈ ಡಾಕ್ಟರ್ ಯಾರು, ಅವನ ಕಾಲಯಾನದ ಆ ನೀಲಿ ಪೊಲೀಸ್ ಪೆಟ್ಟಿಗೆ ಹೊರಗಿಗಿಂತ ಒಳಗೆ ಹೇಗೆ ದೊಡ್ಡದು ಎಂಬುದೆಲ್ಲ ಅವಳಿಗೆ ತಿಳಿದಾಗಲೇ ನಿಮಗೂ ತಿಳಿಯುತ್ತದೆ. ಮೊದಲೇ ಓದಿಕೊಂಡು ಬರಬೇಕಾದದ್ದು ಏನೂ ಇಲ್ಲ.

800 ಎಂಬ ಅಂಕಿಯನ್ನು ಸಾಲದ ಹಾಗೆ ತಲೆಯ ಮೇಲೆ ಹೊತ್ತುಕೊಳ್ಳಬೇಡಿ. 2005ರಿಂದ 2008ರವರೆಗಿನ ನಾಲ್ಕು ಸೀಸನ್ನಿನಲ್ಲಿ ತಲಾ 13 ಕಂತು, ಒಂದೊಂದೂ ಸುಮಾರು 45 ನಿಮಿಷ. ಅಂದರೆ 52 ಕಂತು, 39 ಗಂಟೆ. ಎರಡನೇ ಸೀಸನ್ನಿನಿಂದ ಡಾಕ್ಟರ್ ಆಗುವ ನಟ ಡೇವಿಡ್ ಟೆನೆಂಟ್ ವಿದಾಯ ಹೇಳುವ 2010ರ ಜನವರಿ 1ರವರೆಗಿನ ವಿಶೇಷ ಕಂತುಗಳನ್ನೂ ಸೇರಿಸಿದರೆ 48 ಗಂಟೆಯ ಆಸುಪಾಸು. ಅಲ್ಲಿಗೆ ಒಂದು ದೊಡ್ಡ ಕಥೆ ತನ್ನಷ್ಟಕ್ಕೆ ಮುಗಿಯುತ್ತದೆ. ಮುಂದುವರಿಸುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಒಂದು ಎಚ್ಚರಿಕೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ವಾರ ವಿಕ್ಟೋರಿಯಾ ಕಾಲದ ದೆವ್ವದ ಕಥೆಯಾದರೆ ಮುಂದಿನ ವಾರ ಭೂಮಿಯ ಕೊನೆಯ ದಿನ. ಎಲ್ಲರೂ ಶಿಫಾರಸು ಮಾಡುವ ‘ಬ್ಲಿಂಕ್’ (2007, ಮೂರನೇ ಸೀಸನ್ನಿನ 10ನೇ ಕಂತು) ಅದ್ಭುತವಾಗಿದೆ, ಹಿನ್ನೆಲೆ ಗೊತ್ತಿಲ್ಲದವರೂ ನೋಡಬಹುದು. ಆದರೆ ಅದರಲ್ಲಿ ಡಾಕ್ಟರ್ ಕಾಣಿಸಿಕೊಳ್ಳುವುದೇ ಅಪರೂಪ. ಅದೊಂದನ್ನೇ ನೋಡಿ ಸರಣಿಯೆಲ್ಲ ಹೀಗೇ ಇರುತ್ತದೆ ಎಂದುಕೊಂಡವರು ಆಮೇಲೆ ನಿರಾಶರಾಗುತ್ತಾರೆ. ಇನ್ನು, ವಿಜ್ಞಾನದ ನಿಯಮ ಎಲ್ಲಿಯೂ ತಪ್ಪಬಾರದು, ಕಾಲಪ್ರಯಾಣದ ತರ್ಕ ಬಿಗಿಯಾಗಿರಬೇಕು ಎನ್ನುವವರಾದರೆ ಇದು ನಿಮಗಲ್ಲ. ಇಲ್ಲಿ ಡಾಕ್ಟರ್ ಕೈಯಲ್ಲಿರುವ ಸೋನಿಕ್ ಸ್ಕ್ರೂಡ್ರೈವರ್ ಎಂಬ ಉಪಕರಣ ಬೇಕಾದಾಗ ಮಂತ್ರದಂಡ, ಬೇಡವಾದಾಗ ಬರೀ ಟಾರ್ಚು. ಕಥೆಗಾರನಿಗೆ ಅನುಕೂಲವಾದ ಹಾಗೆ!

ಪ್ರಶ್ನೆ: 2005ರದ್ದನ್ನು ಶುರು ಮಾಡಿ ಐದು ಕಂತು ಮುಗಿಸಿದೆ. ಕಸದ ತೊಟ್ಟಿ ಮನುಷ್ಯನನ್ನು ನುಂಗಿ ತೇಗುವುದು, ಅನ್ಯಗ್ರಹದವರು ಮಾತುಮಾತಿಗೆ ಹೂಸು ಬಿಡುವುದು... ಇದನ್ನೇ ಇಷ್ಟು ಜನ ಹೊಗಳುವುದೇ?

ಉತ್ತರ: ತುಂಬ ಜನ ಬಿಟ್ಟುಹೋಗುವುದು ಸರಿಯಾಗಿ ಈ ಜಾಗದಲ್ಲೇ. ನಿಮ್ಮ ದೂರು ನ್ಯಾಯವಾದದ್ದು. ನಾಲ್ಕು ಮತ್ತು ಐದನೇ ಕಂತಿನ ಆ ಅನ್ಯಗ್ರಹದವರು, ಸ್ಲಿಥೀನ್‌ಗಳು, ಆ ಸೀಸನ್ನಿನ ಅತ್ಯಂತ ದುರ್ಬಲ ಭಾಗ. ರಬ್ಬರ್ ವೇಷದ ನಟರೂ ಕಂಪ್ಯೂಟರ್ ಚಿತ್ರಗಳೂ ಒಂದಕ್ಕೊಂದು ಹೊಂದುವುದೇ ಇಲ್ಲ. ಹಾಗೆಂದು ಅವನ್ನು ಹಾರಿಸಿಬಿಡಿ ಎನ್ನುವುದಿಲ್ಲ. 11ನೇ ಕಂತಿನಲ್ಲಿ ಅದೇ ಪ್ರಾಣಿ ಮರಳಿ ಬಂದು ಡಾಕ್ಟರ್ ಎದುರು ಊಟದ ಮೇಜಿಗೆ ಕೂರುತ್ತದೆ. ಆ ಮಾತುಕತೆಗೆ ಹಿಂದಿನದ್ದು ಗೊತ್ತಿರಬೇಕು.

ನಿಲ್ಲಿಸುವ ಮೊದಲು ಆರನೆಯದನ್ನು ನೋಡಿ. ಹೆಸರು ‘ಡಾಲೆಕ್’. ನೆಲದಡಿಯ ಖಾಸಗಿ ಸಂಗ್ರಹಾಲಯವೊಂದರಲ್ಲಿ ಸರಪಳಿ ಬಿಗಿದಿಟ್ಟ ಒಂದೇ ಒಂದು ಡಾಲೆಕ್. ಈ ಯಂತ್ರಪ್ರಾಣಿ 1963ರಿಂದಲೂ ಇದೆ, ಅಂದಿನಿಂದಲೂ ಅದರ ಮೇಲೆ ಎರಡು ನಗೆಚಾಟಿಕೆ. ಒಂದು, ಕೈಯ ಜಾಗದಲ್ಲಿ ಸಿಂಕಿನ ಕೊಳವೆ ಕಟ್ಟಿದಾಗ ಬಿಡಿಸುವ ರಬ್ಬರ್ ಪ್ಲಂಜರ್ ಇದೆ. ಎರಡು, ಅದಕ್ಕೆ ಮೆಟ್ಟಿಲು ಹತ್ತಲಾಗದು. ಈ ಕಂತು ಎರಡನ್ನೂ ಎತ್ತಿಕೊಳ್ಳುತ್ತದೆ. ಪ್ಲಂಜರ್ ನೋಡಿ ವ್ಯಂಗ್ಯವಾಡಿದವನ ಮುಖಕ್ಕೆ ಅದೇ ಬಂದು ಅಂಟುತ್ತದೆ. ಮೆಟ್ಟಿಲಿನ ಬುಡದಲ್ಲಿ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಾದ ಮೇಲೂ ಮನಸ್ಸು ಕದಲದಿದ್ದರೆ 9 ಮತ್ತು 10, ಎರಡನೇ ಮಹಾಯುದ್ಧದ ಲಂಡನ್ನಿನಲ್ಲಿ ಗ್ಯಾಸ್ ಮಾಸ್ಕ್ ತೊಟ್ಟ ಮಗು ಅಮ್ಮನನ್ನು ಹುಡುಕುವ ಕಥೆ. ಅದೂ ಹಿಡಿಸದಿದ್ದರೆ ಸಂಕೋಚವಿಲ್ಲದೆ ಬಿಟ್ಟುಬಿಡಿ.

ಜೋಡಿ ಕಂತುಗಳನ್ನು ಒಂದೇ ಬಾರಿಗೆ ನೋಡುವಷ್ಟು ಸಮಯ, ಅಂದರೆ 90 ನಿಮಿಷ, ಇಟ್ಟುಕೊಳ್ಳಿ. ಹೆಸರುಗಳಲ್ಲಿ ‘ಭಾಗ 1’, ‘ಭಾಗ 2’ ಎಂದಿರುವುದಿಲ್ಲ, ಎರಡಕ್ಕೂ ಬೇರೆಬೇರೆ ಹೆಸರು. ಮೊದಲ ಸೀಸನ್ನಿನಲ್ಲಿ 4–5, 9–10, 12–13 ಜೋಡಿಗಳು. ಕೊನೆಗೆ ಬರುವ ಮುಂದಿನ ಕಂತಿನ ತುಣುಕುಗಳನ್ನು ನೋಡಬೇಡಿ. ಈಗಷ್ಟೇ ಪ್ರಾಣಾಪಾಯದಲ್ಲಿದ್ದವರು ಅದರಲ್ಲಿ ಆರಾಮವಾಗಿ ಓಡಾಡುತ್ತಿರುತ್ತಾರೆ.

ಪ್ರಶ್ನೆ: ಸೀಸನ್ ಮುಗಿಸಿ ಮುಂದಿನದಕ್ಕೆ ಹೋದರೆ ನಾಯಕನೇ ಬೇರೆ! ನಡುವೆ ಏನಾದರೂ ತಪ್ಪಿಹೋಯಿತೇ?

ಉತ್ತರ: ತಪ್ಪಿದೆ. ನೀವು ಬಿಟ್ಟದ್ದು ವಿಶೇಷ ಕಂತನ್ನು.

ಡಾಕ್ಟರ್ ಸಾಯುವ ಹಂತಕ್ಕೆ ಬಂದಾಗ ದೇಹ ಬದಲಾಗಿ ಹೊಸ ಮುಖ, ಹೊಸ ಸ್ವಭಾವ ಬರುತ್ತದೆ. ಮೊದಲ ನಟ ವಿಲಿಯಂ ಹಾರ್ಟ್ನೆಲ್ ಆರೋಗ್ಯ ಕೆಟ್ಟಾಗ 1966ರಲ್ಲಿ ಹುಡುಕಿಕೊಂಡ ಉಪಾಯವಿದು. ಸರಣಿ ಇಷ್ಟು ವರ್ಷ ಬದುಕಿರುವುದೂ ಇದರಿಂದಲೇ. 2005ರ ನಂತರ ಈ ಬದಲಾವಣೆಗಳು ಹೆಚ್ಚಾಗಿ ನಡೆಯುವುದು ಕ್ರಿಸ್‌ಮಸ್, ಹೊಸ ವರ್ಷದಂಥ ವಿಶೇಷ ಕಂತುಗಳಲ್ಲಿ. ಸ್ಟ್ರೀಮಿಂಗ್ ಆ್ಯಪ್‌ಗಳು ಇವನ್ನು ಕೆಲವೊಮ್ಮೆ ಸೀಸನ್ನಿನ ಪಟ್ಟಿಯಿಂದ ಹೊರಗೆ, ‘ಸ್ಪೆಷಲ್ಸ್’ ಎಂಬ ಬೇರೆ ವಿಭಾಗದಲ್ಲಿ ಇಟ್ಟಿರುತ್ತವೆ. ‘ಮುಂದಿನ ಕಂತು’ ಒತ್ತುತ್ತಾ ಹೋದರೆ ಅವು ಕಣ್ಣಿಗೇ ಬೀಳುವುದಿಲ್ಲ.

ಬಿಡಲೇಬಾರದ ಕಡೆಗಳಿವು. ಒಂದು ಮತ್ತು ಎರಡನೇ ಸೀಸನ್ನಿನ ನಡುವೆ 2005ರ ‘ದಿ ಕ್ರಿಸ್‌ಮಸ್ ಇನ್ವೇಷನ್’, ಇದು ಟೆನೆಂಟ್‌ರ ಮೊದಲ ಪೂರ್ಣ ಕಥೆ. ನಾಲ್ಕು ಮತ್ತು ಐದರ ನಡುವೆ ಎರಡು ಭಾಗಗಳ ‘ದಿ ಎಂಡ್ ಆಫ್ ಟೈಮ್’. ಏಳು ಮತ್ತು ಎಂಟರ ನಡುವೆ 2013ರ ಎರಡು, ಮೊದಲು ‘ದಿ ಡೇ ಆಫ್ ದ ಡಾಕ್ಟರ್’, ಆಮೇಲೆ ‘ದಿ ಟೈಮ್ ಆಫ್ ದ ಡಾಕ್ಟರ್’. ಈ ಕ್ರಮ ಅದಲುಬದಲಾದರೆ ಟೆನೆಂಟ್ ನಂತರದ ಡಾಕ್ಟರ್ ಮ್ಯಾಟ್ ಸ್ಮಿತ್ ಹೋದ ಮೇಲೆ ಮತ್ತೆ ಬಂದ ಹಾಗಾಗುತ್ತದೆ. ಹತ್ತರ ನಂತರ 2017ರ ‘ಟ್ವೈಸ್ ಅಪಾನ್ ಎ ಟೈಮ್’. ಗೊಂದಲವಾದರೆ ಸಂಖ್ಯೆ ಬಿಟ್ಟು ಪ್ರಸಾರದ ದಿನಾಂಕ ಹಿಡಿದು ಹೋಗಿ.

ಸಂಖ್ಯೆಯದ್ದೇ ಇನ್ನೊಂದು ರಗಳೆ: ‘ಸೀಸನ್ 1’ ಎಂಬುದು ಮೂರಿವೆ. 1963ರದ್ದು, 2005ರದ್ದು, 2024ರದ್ದು. ಪ್ಲೇ ಒತ್ತುವ ಮೊದಲು ವರ್ಷ ನೋಡಿ. 2024ರಿಂದ ಶುರು ಮಾಡಬಾರದೆಂದಿಲ್ಲ, ಎಂಟೇ ಕಂತಿನ ಸೀಸನ್, ಡಾಕ್ಟರ್ ಆಗಿ ನ್ಚುಟಿ ಗಾಟ್ವ ಚುರುಕಾಗಿದ್ದಾರೆ. ಆದರೆ ಅದರ ಕೊನೆ 1975ರ ಕಥೆಯೊಂದರ ಖಳನ ಮೇಲೆ ನಿಂತಿದೆ. ಹೊಸಬರಿಗೆ ಅಲ್ಲಿ ಬಾಗಿಲು ಮುಖಕ್ಕೆ ಬಡಿದಂತಾಗುತ್ತದೆ. 2005 ಹಳತೆನಿಸಿದರೆ 2010ರ ಐದನೇ ಸೀಸನ್ ಉತ್ತಮ ಬಾಗಿಲು. ಡಾಕ್ಟರ್, ಜೊತೆಗಾತಿ, ಮುಖ್ಯ ಬರಹಗಾರ ಸ್ಟೀವನ್ ಮೊಫಾಟ್, ಎಲ್ಲ ಹೊಸದು. ಅದನ್ನು ಕ್ರಮವಾಗಿಯೇ ನೋಡಿ. ಗೋಡೆಯ ಬಿರುಕೊಂದು 13 ಕಂತಿನ ಉದ್ದಕ್ಕೂ ಹಿಂಬಾಲಿಸುತ್ತದೆ.

ಪ್ರಶ್ನೆ: ಕಪ್ಪು-ಬಿಳುಪಿನ ಹಳೆಯ ಕಂತುಗಳನ್ನು ಪೂರ್ತಿ ಬಿಟ್ಟುಬಿಡಬಹುದೇ?

ಉತ್ತರ: ಮೊದಲಿಗೆ ಬಿಡಿ, ಆಮೇಲೆ ಆರಿಸಿ ನೋಡಿ. ಪೂರ್ತಿ ನೋಡುತ್ತೇನೆಂದರೂ ಆಗದು. ಆಗ ವಿಡಿಯೊ ಟೇಪ್ ದುಬಾರಿ, ಮರುಪ್ರಸಾರ ಕಡಿಮೆ, ಮನೆಯಲ್ಲಿ ವಿಡಿಯೊ ನೋಡುವ ಕಾಲವಲ್ಲ. ಹಾಗಾಗಿ ಬಿಬಿಸಿಯೇ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು. ಮೊದಲ ಇಬ್ಬರು ಡಾಕ್ಟರ್‌ಗಳ ಕಾಲದ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಹೀಗೆ ಕಳೆದುಹೋಯಿತು. ಧ್ವನಿ ಮಾತ್ರ ಎಲ್ಲದರದ್ದೂ ಉಳಿದಿದೆ, ಪ್ರೇಕ್ಷಕರು ಟೀವಿ ಎದುರು ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡದ್ದರಿಂದ. ಕೆಲವಕ್ಕೆ ಆ ಧ್ವನಿಯ ಮೇಲೆ ಅನಿಮೇಷನ್ ಮಾಡಿದ್ದಾರೆ.

1963ರ ಮೊಟ್ಟಮೊದಲ 25 ನಿಮಿಷ ಈಗಲೂ ಮೈ ನವಿರೇಳಿಸುತ್ತದೆ. ನಂತರದ ಮೂರು ಭಾಗ ಗುಹಾಮಾನವರು ಬೆಂಕಿಗಾಗಿ ಜಗಳವಾಡುವುದು. ಧಾರಾಳವಾಗಿ ಬಿಡಿ. ಶುರುವಿಗೆ ಒಳ್ಳೆಯದು ಪ್ಯಾರಿಸ್‌ನಲ್ಲಿ ನಡೆಯುವ 1979ರ ‘ಸಿಟಿ ಆಫ್ ಡೆತ್’, ಟಾಮ್ ಬೇಕರ್ ನಟನೆ, ನಾಲ್ಕು ಭಾಗ. ಆಮೇಲೆ 1975ರ ‘ಜೆನೆಸಿಸ್ ಆಫ್ ದ ಡಾಲೆಕ್ಸ್’, ಆರು ಭಾಗ.

ಆರನ್ನೂ ಒಂದೇ ರಾತ್ರಿಯಲ್ಲಿ ಕೂತು ನೋಡಬೇಡಿ. ವಾರಕ್ಕೊಂದು ಭಾಗ ನೋಡುವವರಿಗೆಂದು ಬರೆದದ್ದು. ಸೆರೆ ಸಿಗುವುದು, ತಪ್ಪಿಸಿಕೊಳ್ಳುವುದು, ಓಣಿಯಲ್ಲಿ ಓಡುವುದು, ಮತ್ತೆ ಸೆರೆ. ಒಟ್ಟಿಗೆ ನೋಡಿದರೆ ಇದೊಂದೇ ಎದ್ದು ಕಾಣುತ್ತದೆ. ದಿನಕ್ಕೆ ಎರಡು ಭಾಗ ಸಾಕು. ಪಾತ್ರಗಳು ಬಾಗಿಲು ದಾಟಿ ಹೊರಬಂದ ಕೂಡಲೇ ಚಿತ್ರದ ಮೈಬಣ್ಣ ಬದಲಾದರೆ ನಿಮ್ಮ ಟೀವಿಯ ದೋಷವಲ್ಲ: ಸ್ಟುಡಿಯೊ ದೃಶ್ಯ ವಿಡಿಯೊದಲ್ಲಿ, ಹೊರಾಂಗಣ 16 ಎಂಎಂ ಫಿಲ್ಮಿನಲ್ಲಿ ತೆಗೆಯುತ್ತಿದ್ದರು.

ಪ್ರಶ್ನೆ: ಎಂಟು ವರ್ಷದ ಮಗಳೊಂದಿಗೆ ನೋಡಬಹುದೇ?

ಉತ್ತರ: ನೋಡಬಹುದು, ಮನೆಮಂದಿಯೆಲ್ಲ ಕೂತು ನೋಡಲೆಂದೇ ಮಾಡಿದ್ದು. ಗ್ಯಾಸ್ ಮಾಸ್ಕ್ ಮಗು ಮತ್ತು ‘ಬ್ಲಿಂಕ್’ನ ಕಲ್ಲಿನ ದೇವತೆಗಳನ್ನು ನೀವು ಮೊದಲು ಒಬ್ಬರೇ ನೋಡಿ ತೀರ್ಮಾನಿಸಿ. ರಕ್ತಪಾತವಿಲ್ಲ, ಆದರೆ ರಾತ್ರಿ ದೀಪ ಆರಿಸಲು ಬಿಡದಂಥ ಹೆದರಿಕೆ. ಇದರ ಕವಲಾದ ‘ಟಾರ್ಚ್‌ವುಡ್’ ಮಾತ್ರ ದೊಡ್ಡವರದ್ದು, ಒಂದೇ ಲೋಕದ ಕಥೆಯೆಂದು ಮಕ್ಕಳಿಗೆ ಹಚ್ಚಬೇಡಿ. ಮುಖ್ಯ ಸರಣಿ ಅರ್ಥವಾಗಲು ಅದು ಬೇಕಾಗಿಯೂ ಇಲ್ಲ.

ಪ್ರಶ್ನೆ: ಆ ನೀಲಿ ಪೆಟ್ಟಿಗೆ ಬರುವಾಗ ಕೇಳುವ ಗೊರಗೊರ ಸದ್ದು ಯಾವ ಯಂತ್ರದ್ದು?

ಉತ್ತರ: ಪಿಯಾನೊದ್ದು. ಬಿಬಿಸಿಯ ಧ್ವನಿ ಪ್ರಯೋಗಗಳ ವಿಭಾಗವಾದ ರೇಡಿಯೊಫೋನಿಕ್ ವರ್ಕ್‌ಶಾಪ್‌ನಲ್ಲಿ ಬ್ರಯನ್ ಹಾಜ್ಸನ್ ಹಳೆಯ ಪಿಯಾನೊ ಒಂದರ ಮಂದ್ರದ ತಂತಿಯ ಉದ್ದಕ್ಕೂ ಬೀಗದ ಕೈ ಎಳೆದು ಧ್ವನಿಮುದ್ರಿಸಿ, ಟೇಪಿನಲ್ಲಿ ಅದನ್ನು ಬದಲಾಯಿಸಿದರು. ದಪ್ಪ ತಂತಿಯ ಮೇಲೆ ಲೋಹ ಉಜ್ಜಿದ ಆ ಕೊರೆತ ಇಂದಿನ ಕಂತುಗಳಲ್ಲೂ ಕೇಳುತ್ತದೆ. ಕಥೆಯೊಳಗಿನ ಕಾರಣ ಬೇರೆ. 2010ರ ಕಂತೊಂದರಲ್ಲಿ ರಿವರ್ ಸಾಂಗ್ ಎಂಬ ಪಾತ್ರ ಅದೇ ಪೆಟ್ಟಿಗೆಯನ್ನು ಸದ್ದಿಲ್ಲದೆ ಇಳಿಸುತ್ತಾಳೆ. ಡಾಕ್ಟರ್ ಇಷ್ಟು ಕಾಲವೂ ಬ್ರೇಕ್ ಹಾಕಿಕೊಂಡೇ ಓಡಿಸುತ್ತಿದ್ದಾನೆ ಎನ್ನುವುದು ಅವಳ ದೂರು.